ಒಂದು ಅಂಕಿ, ಒಂದು ಸಹಿ: ಯು.ಎಸ್. ವಿಮೆನ್ಸ್ ಓಪನ್ ನಡೆದು ಬಂದ ದಾರಿ

ಲ್ಯಾಬ್ ರೆಕಾರ್ಡಿನಲ್ಲಿ ಒಂದು ರೀಡಿಂಗ್ ತಪ್ಪು ಬರೆದು, ಕೊನೆಯ ಉತ್ತರ ಮಾತ್ರ ಸರಿ ಬರೆದವರು ನಮ್ಮಲ್ಲಿ ಯಾರಿಲ್ಲ ಹೇಳಿ? ಮೇಡಂ ಕೆಂಪು ಪೆನ್ನಲ್ಲಿ ಒಂದು ಸುತ್ತು ಹಾಕ್ತಾರೆ, ನಾವು ತಿದ್ದಿಕೊಂಡು ಬರ್ತೀವಿ, ಅಲ್ಲಿಗೆ ಮುಗೀತು. ಆದರೆ 1957ರಲ್ಲಿ ಇಂಥದ್ದೇ ಒಂದು ತಪ್ಪಿನಿಂದ ಜಾಕಿ ಪಂಗ್ ಎಂಬ ಆಟಗಾರ್ತಿ, ಆಡಿ ಗೆದ್ದಿದ್ದ ಚಾಂಪಿಯನ್‌ಶಿಪ್ಪನ್ನೇ ಕಳೆದುಕೊಂಡರು. ಆ ಟೂರ್ನಿಯೇ ಯು.ಎಸ್. ವಿಮೆನ್ಸ್ ಓಪನ್. ಮಹಿಳೆಯರ ವೃತ್ತಿಪರ ಗಾಲ್ಫಿನಲ್ಲಿ ಬಹಳ ದೊಡ್ಡ ಹೆಸರು.

ಮೊದಲು ಆಟದ ಲೆಕ್ಕ ತಿಳ್ಕೊಳ್ಳೋಣ. ಗಾಲ್ಫಿನಲ್ಲಿ 18 ಹೋಲ್‌ಗಳಿಗೆ ಒಂದು ಸುತ್ತು. ನಾಲ್ಕು ಸುತ್ತು, ಅಂದ್ರೆ 72 ಹೋಲ್ ಮುಗಿಸಲು ಯಾರು ಕಡಿಮೆ ಹೊಡೆತ ತೆಗೆದುಕೊಳ್ಳುತ್ತಾರೋ ಅವರೇ ಗೆದ್ದಂತೆ. ಇಲ್ಲಿ ಕ್ರಿಕೆಟ್ಟಿನ ಹಾಗೆ ಪ್ರತಿ ಹೊಡೆತಕ್ಕೂ ಅಂಪೈರ್ ಪಕ್ಕದಲ್ಲಿ ನಿಂತಿರುವುದಿಲ್ಲ. ನಿಮ್ಮ ಸ್ಕೋರನ್ನು ಜೊತೆಗೆ ಆಡುವವರು ಬರೆದುಕೊಳ್ಳುತ್ತಾರೆ, ಅವರದನ್ನು ನೀವು. ಕೊನೆಗೆ ಕಾರ್ಡನ್ನು ಪರೀಕ್ಷಿಸಿ ಸಹಿ ಹಾಕಿ ಕೊಡಬೇಕು.

ಪುರುಷರ ಯು.ಎಸ್. ಓಪನ್ ಶುರುವಾದದ್ದು 1895ರಲ್ಲಿ. ಮಹಿಳೆಯರು ಅರ್ಧ ಶತಮಾನ ಕಾಯಬೇಕಾಯಿತು. 1946ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ ಮೊದಲ ಟೂರ್ನಿ ನಡೆಯಿತು. ಯುದ್ಧಕಾಲದಲ್ಲಿ ಮರೀನ್ ಪಡೆಯಲ್ಲಿ ಕೆಲಸ ಮಾಡಿದ್ದ ಪ್ಯಾಟಿ ಬರ್ಗ್, ಫೈನಲ್‌ನಲ್ಲಿ ಬೆಟ್ಟಿ ಜೇಮ್ಸನ್‌ರನ್ನು ಸೋಲಿಸಿದರು. ಬಹುಮಾನ ಸಿಕ್ಕಿದ್ದು ನಗದಲ್ಲಿ ಅಲ್ಲ, ಬಾಂಡ್‌ಗಳಲ್ಲಿ. ಅದರ ಖರ್ಚು ಹೊತ್ತದ್ದು ಸ್ಥಳೀಯ ಕ್ಲಬ್ಬೊಂದು. ಅದರ ಆದಾಯದ ಮೂಲ ಸ್ಲಾಟ್ ಮಷಿನ್! ಮಹಿಳಾ ಗಾಲ್ಫಿಗೆ ದುಡ್ಡು ಹಾಕುವವರು ಆಗ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

1950ರಲ್ಲಿ 13 ಆಟಗಾರ್ತಿಯರು ಸೇರಿ ಎಲ್‌ಪಿಜಿಎ ಸಂಸ್ಥೆ ಕಟ್ಟಿದರು. ಟೂರ್ನಿ ನಡೆಸುವ ಕೆಲಸವನ್ನೂ ತಾವೇ ಹೊತ್ತಿದ್ದರು. 1953ರಲ್ಲಿ ಅವರ ಕೋರಿಕೆಯ ಮೇರೆಗೆ ಯುಎಸ್‌ಜಿಎ ಈ ಓಪನ್ನಿನ ಹೊಣೆ ವಹಿಸಿಕೊಂಡಿತು. ಆ 13 ಜನರಲ್ಲಿ ಒಬ್ಬರಾದ ಬೇಬ್ ಜಹಾರಿಯಾಸ್ ಅದೇ ವರ್ಷ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಒಳಗಾದರು. ಮರುವರ್ಷ ಬಂದು 12 ಸ್ಟ್ರೋಕ್‌ಗಳ ಅಂತರದಲ್ಲಿ ಓಪನ್ ಗೆದ್ದರು. 1956ರಲ್ಲಿ, ತಮ್ಮ 45ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಜಾಕಿ ಪಂಗ್ ವಿಷಯಕ್ಕೆ ಬರೋಣ. ಹೊನೊಲುಲುವಿನಲ್ಲಿ ಹುಟ್ಟಿದ ಇವರು 1953ರ ಓಪನ್ನಿನ ಪ್ಲೇಆಫ್‌ನಲ್ಲಿ ಬೆಟ್ಸಿ ರಾಲ್ಸ್‌ಗೆ ಸೋತಿದ್ದರು. ಈ ಬೆಟ್ಸಿ ರಾಲ್ಸ್ ಯಾರು ಗೊತ್ತಾ? ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಪದವಿ ಪಡೆದು ಗಾಲ್ಫಿಗೆ ಬಂದವರು. ನಮ್ಮ ಕಡೆಯವರೇ ಅನ್ನಿ!

1957ರಲ್ಲಿ ನ್ಯೂಯಾರ್ಕ್ ಬಳಿಯ ವಿಂಗ್ಡ್ ಫುಟ್ ಮೈದಾನದಲ್ಲಿ ಪಂಗ್ ಒಟ್ಟು 298 ಹೊಡೆತಗಳಲ್ಲಿ ಆಟ ಮುಗಿಸಿದರು. ರಾಲ್ಸ್ 299. ಎಲ್ಲರೂ ಪಂಗ್ ಗೆದ್ದರು ಅಂತ ಸಂಭ್ರಮಿಸುತ್ತಿದ್ದರು. ಆಮೇಲೆ ಕಾರ್ಡ್ ನೋಡಿದರೆ, ಕೊನೆಯ ಸುತ್ತಿನ ನಾಲ್ಕನೇ ಹೋಲ್‌ನಲ್ಲಿ 6 ಇರಬೇಕಾದಲ್ಲಿ 5 ಎಂದಿತ್ತು. ಆ ಸುತ್ತಿನ ಮೊತ್ತ ಮಾತ್ರ ಸರಿಯಾಗಿ 72 ಎಂದೇ ಇತ್ತು. ಬರೆದವರು ಜೊತೆಗಾರ್ತಿ ಬೆಟ್ಟಿ ಜೇಮ್ಸನ್. 1946ರ ಫೈನಲ್‌ನಲ್ಲಿ ಸೋತ ಅದೇ ಜೇಮ್ಸನ್. ತಮಾಷೆ ಅಂದ್ರೆ ಪಂಗ್ ಕೂಡ ಜೇಮ್ಸನ್ ಕಾರ್ಡಿನಲ್ಲಿ ಅದೇ ಹೋಲ್‌ನಲ್ಲಿ ಅದೇ ತಪ್ಪು ಮಾಡಿದ್ದರು. ಇಬ್ಬರೂ ಅನರ್ಹರಾದರು. ಕಪ್ ರಾಲ್ಸ್ ಪಾಲಾಯಿತು.

ಮೊತ್ತ ಸರಿ ಇದ್ದ ಮೇಲೂ ಇಷ್ಟು ಕಠಿಣ ಶಿಕ್ಷೆ ಯಾಕೆ? ನಿಯಮದ ತರ್ಕ ಹೀಗಿದೆ: ಪ್ರತಿ ಹೋಲ್‌ನ ಅಂಕಿಗೆ ಆಟಗಾರರು ಜವಾಬ್ದಾರರು, ಕೂಡುವ ಕೆಲಸ ಸಮಿತಿಯದು. ಆದ್ದರಿಂದ ಮೊತ್ತ ಸರಿ ಇದ್ದರೂ ಹೋಲ್‌ನ ತಪ್ಪು ಮುಚ್ಚಿಹೋಗುವುದಿಲ್ಲ. ಒಂದು ಹೋಲ್‌ಗೆ ನಿಜಕ್ಕಿಂತ ಹೆಚ್ಚು ಬರೆದು ಸಹಿ ಮಾಡಿದರೆ ಆ ಹೆಚ್ಚೇ ಉಳಿಯುತ್ತದೆ. ಕಡಿಮೆ ಬರೆದರೆ ಆಟದಿಂದಲೇ ಹೊರಗೆ. ಅಂಪೈರ್ ಇಲ್ಲದ ಆಟ ನಿಂತಿರುವುದೇ ಆ ಸಹಿಯ ಮೇಲೆ. ತರ್ಕ ಒಪ್ಪಿಕೊಳ್ಳಬಹುದು, ಆದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಲ್ಲಿದ್ದವರಿಗೂ ಹಾಗೇ ಆಗಿರಬೇಕು. ಕ್ಲಬ್ಬಿನ ಸದಸ್ಯರು ಮತ್ತಿತರರು ಸೇರಿ ಪಂಗ್‌ಗಾಗಿ ಹಣ ಕೂಡಿಸಿದರು. ಅದು ಮೊದಲ ಬಹುಮಾನವಾದ 1,800 ಡಾಲರ್‌ಗಿಂತ ಜಾಸ್ತಿಯೇ ಆಯಿತು! ಆದರೆ ಓಪನ್ ಪ್ರಶಸ್ತಿ ಪಂಗ್‌ಗೆ ಮುಂದೆಂದೂ ಸಿಗಲಿಲ್ಲ. ಹವಾಯಿಗೆ ಮರಳಿ ಎಷ್ಟೋ ವರ್ಷ ಗಾಲ್ಫ್ ಕಲಿಸಿದರು.

ಮುಂದೆ ಈ ಟೂರ್ನಿ ಅಮೆರಿಕದ ಗಡಿ ದಾಟಿ ಬೆಳೆಯಿತು. 1967ರಲ್ಲಿ ಫ್ರಾನ್ಸ್‌ನ ಕ್ಯಾಥರೀನ್ ಲಾಕೋಸ್ಟ್ ಗೆದ್ದರು. ಇದನ್ನು ಗೆದ್ದ ಏಕೈಕ ಅಮೆಚೂರ್ ಇವರೇ. 1998ರಲ್ಲಿ ದಕ್ಷಿಣ ಕೊರಿಯಾದ 20 ವರ್ಷದ ಸೆ ರಿ ಪಾಕ್, ಪ್ಲೇಆಫ್‌ನ 18ನೇ ಹೋಲ್‌ನಲ್ಲಿ ಶೂ, ಸಾಕ್ಸ್ ಬಿಚ್ಚಿ ನೀರಿಗಿಳಿದು ದಡದ ಹುಲ್ಲಲ್ಲಿದ್ದ ಚೆಂಡನ್ನು ಹೊಡೆದರು. ಆಮೇಲೆ ಇನ್ನೂ ಎರಡು ಹೋಲ್ ಆಡಿ ಗೆದ್ದರು. ಆರ್ಥಿಕ ಬಿಕ್ಕಟ್ಟಿನಲ್ಲಿದ್ದ ಆ ದೇಶಕ್ಕೆ ಅದು ದೊಡ್ಡ ಸಮಾಧಾನ. ಅದನ್ನು ಟಿವಿಯಲ್ಲಿ ನೋಡಿ ಗಾಲ್ಫ್ ಹಿಡಿದ ಹುಡುಗಿಯರಲ್ಲಿ ಒಬ್ಬರಾದ ಇನ್‌ಬೀ ಪಾರ್ಕ್, ಹತ್ತೇ ವರ್ಷದ ನಂತರ, 2008ರಲ್ಲಿ, ಅದೇ ಕಪ್ ಎತ್ತಿದರು. ಆಗ ಅವರಿಗೆ 19 ವರ್ಷ.

2024ರಲ್ಲಿ ಒಟ್ಟು ಬಹುಮಾನ 1 ಕೋಟಿ 20 ಲಕ್ಷ ಡಾಲರ್. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೂಡ ಈ ಟೂರ್ನಿಯಲ್ಲಿ ಆಡಿದ್ದಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಅವರಿಗೆ ಪದಕ ತಪ್ಪಿದ್ದು ನಮಗೆಲ್ಲ ನೆನಪಿದೆ. ಈ ಆಟದಲ್ಲಿ ಒಂದು ಅಂಕಿಯ ತೂಕ ಎಷ್ಟು ಅಂತ ಅವತ್ತು ನಮಗೂ ಅರ್ಥವಾಗಿತ್ತು.

ಪಂಗ್ ಹುಟ್ಟಿದ ಹೊನೊಲುಲುವಿಗೂ ಕೊನೆಗೆ ಕಪ್ ಬಂತು. ಅಲ್ಲಿ ಹುಟ್ಟಿದ ಮಿಶೆಲ್ ವೀ 2014ರಲ್ಲಿ ಗೆದ್ದರು, ಅಲಿಸೆನ್ ಕಾರ್ಪುಜ್ 2023ರಲ್ಲಿ. ಅವರೂ ಪ್ರತಿ ಸುತ್ತು ಮುಗಿದ ಮೇಲೆ ಕೂತು, ಒಂದೊಂದೇ ಹೋಲ್‌ನ ಅಂಕಿ ನೋಡಿ, ಸಹಿ ಹಾಕಿಯೇ ಎದ್ದವರು. ಮುಂದಿನ ಸಲ ಅಬ್ಸರ್ವೇಶನ್ ಬುಕ್ಕಿಗೆ ಸಹಿ ಹಾಕಿಸುವ ಮೊದಲು ನಾವೂ ಒಮ್ಮೆ ನಾಲ್ಕನೇ ರೀಡಿಂಗ್ ನೋಡಿಕೊಳ್ಳೋಣ, ಏನಂತೀರಾ?