ಹಲ್ಲು ಕಡಿತಕ್ಕೆ ವಿಷದ ಮದ್ದು

ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ದೇವಾಲಯದ ಕಂಬಗಳನ್ನು ಕಂಡವರು ಬಲ್ಲರು: ಉಜ್ಜಿದಷ್ಟೂ ಕಲ್ಲಿಗೆ ಹೊಳಪೇರುವುದು. ಹಲ್ಲಿಗೆ ಆ ಭಾಗ್ಯವಿಲ್ಲ. ನಿದ್ರೆಯಲ್ಲಿ ಹಲ್ಲು ಕಡಿದು ಸವೆಸಿದ ದಂತಕವಚವು ಮತ್ತೆ ಬೆಳೆಯಲಾರದು.

ಹಲ್ಲು ಕಡಿತಕ್ಕೆ ಜಂತುಹುಳುವೇ ಕಾರಣವೆಂಬ ನಂಬಿಕೆ ನಮ್ಮಲ್ಲುಂಟು. ಆದರೆ ದವಡೆಯನ್ನು ಬಿಗಿಯುವ ಅಪ್ಪಣೆ ಹೊರಡುವುದು ಮಿದುಳಿನಿಂದ. ಮನಸ್ಸಿನ ಒತ್ತಡ, ಮದ್ಯ, ಕೆಲವು ಔಷಧಗಳು ಅದನ್ನು ಹೆಚ್ಚಿಸಬಲ್ಲವು. ಹಲ್ಲು ಕಚ್ಚಿ ಕೆನ್ನೆಯ ಹಿಂಬದಿಯನ್ನು ಮುಟ್ಟಿ ನೋಡಿರಿ. ಗಟ್ಟಿಯಾಗಿ ಉಬ್ಬುವುದೇ ಚರ್ವಣಸ್ನಾಯು. ದವಡೆಯೊಂದು ಸನ್ನೆಗೋಲು, ಕಿವಿಯ ಮುಂದಿನ ಕೀಲೇ ಅದರ ಆನಿಕೆ. ಆನಿಕೆಗೆ ಸಮೀಪವಾದ ದವಡೆಹಲ್ಲುಗಳ ಮೇಲೆ ಸ್ನಾಯುವಿನ ಬಲ ಹೆಚ್ಚಾಗಿ ಬೀಳುವುದು.

ಈ ಸ್ನಾಯುವನ್ನು ಸಡಿಲಿಸಲು ಚುಚ್ಚುವ ಬಾಟುಲಿನಮ್ ಮೂಲತಃ ಘೋರ ವಿಷ. ಅದನ್ನು ಹುಟ್ಟಿಸುವ ಸೂಕ್ಷ್ಮಾಣುವನ್ನು ಬೆಲ್ಜಿಯಮ್ಮಿನ ವಾನ್ ಎರ್ಮೆಂಗೆಮ್ ಅವರು 1895ರ ವಿಷಾಹಾರ ಪ್ರಕರಣವೊಂದರಿಂದ ಬೇರ್ಪಡಿಸಿದರು. ಅಮೆರಿಕದ ಅಲನ್ ಸ್ಕಾಟ್ ಅವರು ಮೆಳ್ಳೆಗಣ್ಣಿಗೆ ಅದನ್ನು ಮದ್ದಾಗಿಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲ್ಲು ಕಡಿತದ ಮೇಲೆ ಅದರ ಪ್ರಯೋಗ 1990ರಲ್ಲಿ ವರದಿಯಾಯಿತು.

ನರದ ತುದಿಯಿಂದ ಅಸಿಟೈಲ್‌ಕೋಲೀನ್ ಹೊರಬೀಳದಂತೆ ಈ ವಿಷ ತಡೆಯುತ್ತದೆ. ಮಿದುಳಿನ ಅಪ್ಪಣೆ ನಿಲ್ಲುವುದಿಲ್ಲ. ಅದು ಸ್ನಾಯುವಿಗೆ ಪೂರ್ತಿಯಾಗಿ ಮುಟ್ಟುವುದಿಲ್ಲ, ಅಷ್ಟೆ. ಕಡಿತದ ಬಲ ಕುಗ್ಗಿ, ನೋವು ಶಮನವಾಗಬಹುದು. ಮೂರು ನಾಲ್ಕು ತಿಂಗಳಲ್ಲಿ ಸ್ನಾಯು ಪುನಃ ಚೇತರಿಸಿಕೊಳ್ಳುವುದರಿಂದ ಚುಚ್ಚುಮದ್ದನ್ನು ಮರಳಿ ಕೊಡಬೇಕಾಗುತ್ತದೆ. ಅಗಿಯುವ ಶಕ್ತಿ ತಗ್ಗುವುದೂ ನಗು ಸೊಟ್ಟಾಗುವುದೂ ಉಂಟು.

ಆದಕಾರಣ ದಂತವೈದ್ಯರು ಮೊದಲು ಕೊಡುವುದು ರಾತ್ರಿ ಧರಿಸುವ ಹಲ್ಲುಕವಚವನ್ನು. ಅದರಿಂದಲೂ ತೀರದ ನೋವಿಗೆ, ನುರಿತ ಕೈಯಿಂದ, ಅಳತೆಯರಿತ ವಿಷವೂ ಮದ್ದಾಗಬಲ್ಲುದು.