ಪ್ರಾಜೆಕ್ಟ್ ಸ್ಥಳಾಂತರ: ಮೇಳದ ಪೆಟ್ಟಿಗೆಯ ಉದಾಹರಣೆ

‘ಎಕ್ಲಿಪ್ಸ್’ ತಂತ್ರಾಂಶದಲ್ಲಿ ಪ್ರಾಜೆಕ್ಟನ್ನು ಒಂದು ವರ್ಕ್‌ಸ್ಪೇಸಿನಿಂದ ಇನ್ನೊಂದಕ್ಕೆ ಒಯ್ಯುವ ಪಾಠಕ್ಕೆ ನಾನು ಯಕ್ಷಗಾನ ಮೇಳದ ಉದಾಹರಣೆ ಬಳಸುತ್ತೇನೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ತಿರುಗಾಟ ಕಂಡ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳಿಗೆ ಅದು ಬೇಗ ತಿಳಿಯುತ್ತದೆ.

ಆಟ ಮುಗಿದ ಮೇಲೆ ವೇಷದ ಪೆಟ್ಟಿಗೆ ಮುಂದಿನ ಊರಿಗೆ ಹೋಗುತ್ತದೆ; ಆಟ ನಡೆದ ಗದ್ದೆ ಹೋಗುವುದಿಲ್ಲ. ಪ್ರಾಜೆಕ್ಟ್ ಪೆಟ್ಟಿಗೆಯಿದ್ದಂತೆ, ವರ್ಕ್‌ಸ್ಪೇಸ್ ಗದ್ದೆಯಿದ್ದಂತೆ. ಪ್ರಾಜೆಕ್ಟಿನ ಹೆಸರು, ಬಗೆ ‘.ಪ್ರಾಜೆಕ್ಟ್’ ಕಡತದಲ್ಲಿರುತ್ತವೆ, ಅದು ಜೊತೆಗೇ ಹೋಗಬೇಕು. ವರ್ಕ್‌ಸ್ಪೇಸಿನ ಸೆಟ್ಟಿಂಗ್‌ಗಳಿರುವ ‘.ಮೆಟಾಡೇಟಾ’ ಫೋಲ್ಡರನ್ನು ಒಯ್ಯಬೇಕಿಲ್ಲ.

ಹೊಸ ವರ್ಕ್‌ಸ್ಪೇಸಿನಲ್ಲಿ ಫೈಲ್ ಮೆನುವಿನ ‘ಇಂಪೋರ್ಟ್’, ಅದರೊಳಗೆ ‘ಜನರಲ್’, ಆಮೇಲೆ ‘ಎಕ್ಸಿಸ್ಟಿಂಗ್ ಪ್ರಾಜೆಕ್ಟ್ಸ್ ಇನ್‌ಟು ವರ್ಕ್‌ಸ್ಪೇಸ್’ ಆರಿಸಿ ಹಳೆಯ ಫೋಲ್ಡರ್ ತೋರಿಸಬೇಕು. ಪಾಠದ ತಿರುಳು ಇಲ್ಲಿದೆ. ‘ಕಾಪಿ ಪ್ರಾಜೆಕ್ಟ್ಸ್ ಇನ್‌ಟು ವರ್ಕ್‌ಸ್ಪೇಸ್’ ಎಂಬಲ್ಲಿ ಗುರುತು ಹಾಕದಿದ್ದರೂ ಪ್ರಾಜೆಕ್ಟಿನ ಹೆಸರು ಕಾಣುತ್ತದೆ. ಕಡತಗಳು ಮಾತ್ರ ಪೆನ್‌ಡ್ರೈವಿನಲ್ಲೇ ಉಳಿಯುತ್ತವೆ. ಪೆನ್‌ಡ್ರೈವ್ ತೆಗೆದರೆ ಕೆಲಸ ತೆರೆಯದು. ಅದು ಕಳೆದರೆ ವಿದ್ಯಾರ್ಥಿಯ ವಾರಗಳ ಶ್ರಮವೇ ಹೋಗಬಹುದು.

ಹೋಲಿಕೆಯ ಮಿತಿಯನ್ನೂ ಪ್ರಶಿಕ್ಷಣಾರ್ಥಿಗಳು ಹೇಳಲೇಬೇಕು. ಪೆಟ್ಟಿಗೆ ಹೋದರೆ ಹಳೆಯ ಊರಿನಲ್ಲಿ ಉಳಿಯುವುದಿಲ್ಲ. ಆದರೆ ನಕಲು ಮಾಡಿದಾಗ ಪ್ರಾಜೆಕ್ಟ್ ಎರಡಾಗುತ್ತದೆ. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಬರದು. ಮುಂದೆ ಯಾವುದರಲ್ಲಿ ಕೆಲಸ ಮಾಡುವುದೆಂದು ಮೊದಲೇ ನಿರ್ಧರಿಸಬೇಕು.

ಮೌಲ್ಯಮಾಪನಕ್ಕೆ ಬಾಯಿಮಾತಿನ ಉತ್ತರ ಸಾಲದು. ಸಣ್ಣದೊಂದು ಪ್ರಾಜೆಕ್ಟನ್ನು ಇಂಪೋರ್ಟ್ ಮಾಡಿಸಿ, ಪೆನ್‌ಡ್ರೈವನ್ನು ಸುರಕ್ಷಿತವಾಗಿ ತೆಗೆಸಿ, ಪ್ರೋಗ್ರಾಮನ್ನು ತೆರೆದು, ಒಂದು ಸಾಲು ತಿದ್ದಿ ಓಡಿಸಲು ಹೇಳಿ. ಓಡಿದರೆ ಕಡತಗಳು ನಿಜವಾಗಿಯೂ ಬಂದಿವೆ ಎಂದರ್ಥ.