ಚಳಿನಾಡಿನಲ್ಲಿ ವೈನ್ ದ್ರಾಕ್ಷಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಫಿಂಗರ್ ಲೇಕ್ಸ್ ಎಂಬ ಸರೋವರಗಳ ಸೀಮೆಯಿದೆ. ಚಳಿಗಾಲದಲ್ಲಿ ಅಲ್ಲಿನ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಕ್ಕೂ ಇಳಿಯುವುದುಂಟು. ಯುರೋಪಿನ ವೈನ್ ದ್ರಾಕ್ಷಿ ತಳಿಗಳು ಅಲ್ಲಿ ಉಳಿಯಲಾರವೆಂದೇ 1950ರ ದಶಕದವರೆಗೂ ತಜ್ಞರು ನಂಬಿದ್ದರು.

ಉಕ್ರೇನ್ ಮೂಲದ ಡಾ. ಕಾನ್‌ಸ್ಟಂಟಿನ್ ಫ್ರಾಂಕ್ 1951ರಲ್ಲಿ ಅಮೆರಿಕಕ್ಕೆ ವಲಸೆ ಬಂದರು. ದ್ರಾಕ್ಷಿ ಬೇಸಾಯದಲ್ಲಿ ಡಾಕ್ಟರೇಟ್ ಪಡೆದಿದ್ದರೂ ಮೊದಲು ಸಿಕ್ಕಿದ್ದು ಕೂಲಿ ಕೆಲಸ. ಇದಕ್ಕಿಂತ ಕಡುಚಳಿಯಲ್ಲಿ ತಾವು ಈ ತಳಿಗಳನ್ನು ಬೆಳೆದಿದ್ದು, ಬೇಕಾದದ್ದು ತಕ್ಕ ಬೇರುಸಸಿ ಮಾತ್ರ ಎಂಬುದು ಅವರ ವಾದ. ವೈನ್ ತಯಾರಕ ಚಾರ್ಲ್ಸ್ ಫೋರ್ನಿಯರ್ ಇದನ್ನು ನಂಬಿ ಅವರಿಗೆ ಕೆಲಸ ಕೊಟ್ಟರು.

ಬಳ್ಳಿ ಶರತ್ಕಾಲದಲ್ಲೂ ಚಿಗುರುತ್ತಿದ್ದರೆ ಕಡ್ಡಿ ಎಳೆಯದಾಗಿಯೇ ಉಳಿದು ಹಿಮಕ್ಕೆ ಸಾಯುತ್ತದೆ. ಬೆಳವಣಿಗೆ ಬೇಗ ನಿಂತರೆ ಕಡ್ಡಿ ಬಲಿತು, ಕಂದು ಬಣ್ಣಕ್ಕೆ ತಿರುಗಿ, ಪಿಷ್ಟವನ್ನು ಕೂಡಿಟ್ಟುಕೊಂಡು ಚಳಿ ತಾಳುತ್ತದೆ. ಇಂತಹ ಬೇರುಸಸಿಗಾಗಿ ಫ್ರಾಂಕ್ ಕೆನಡಾದ ಕ್ವಿಬೆಕ್‌ವರೆಗೂ ಹುಡುಕಿದರು. ಆದರೆ ಬೇರುಸಸಿಯೊಂದರಿಂದಲೇ ಎಲ್ಲವೂ ಆಯಿತೆನ್ನಲಾಗದು. ಆಳವಾದ ಸರೋವರದ ನೀರು ಬೇಸಿಗೆಯ ಶಾಖವನ್ನು ನಿಧಾನವಾಗಿ ಬಿಡುತ್ತದೆ. ಇಳಿಜಾರಿನಲ್ಲಿ ತಣ್ಣನೆಯ ಗಾಳಿ ನಿಲ್ಲದೆ ಕೆಳಕ್ಕೆ ಹರಿಯುತ್ತದೆ. ಕಸಿಯ ಗಂಟು ಮುಚ್ಚುವಂತೆ ಚಳಿಗೆ ಮುನ್ನ ಮಣ್ಣೇರಿಸಿ, ವಸಂತದಲ್ಲಿ ಬಿಡಿಸುವುದೂ ಅಲ್ಲಿನ ರೂಢಿ. ರೀಸ್ಲಿಂಗ್ ತಳಿ ಸ್ವಭಾವತಃ ಚಳಿ ಸಹಿಸುವಂಥದು.

1962ರಲ್ಲಿ ಫ್ರಾಂಕ್ ಕ್ಯೂಕಾ ಸರೋವರದ ದಂಡೆಯಲ್ಲಿ ಸ್ವಂತ ವೈನ್ ಘಟಕ ತೆರೆದರು. ಇಂದು ಅಲ್ಲಿ ಕುಟುಂಬದ ನಾಲ್ಕನೆಯ ತಲೆಮಾರು ದುಡಿಯುತ್ತಿದೆ. ಜಾರ್ಜಿಯಾ ದೇಶದ ರ್ಕತ್ಸಿತೇಲಿಯಂತಹ ಅಪರೂಪದ ತಳಿಯ ವೈನೂ ಅಲ್ಲಿ ತಯಾರಾಗುತ್ತದೆ.

ನಮ್ಮ ವಿಜಯಪುರದ ಕಡೆ ಕಾಟ ಚಳಿಯದಲ್ಲ, ಉಪ್ಪು ನೀರಿನದು. ಅದಕ್ಕೆಂದೇ ಡಾಗ್‌ರಿಡ್ಜ್ ಬೇರುಸಸಿಯ ಮೇಲೆ ಕಸಿ ಮಾಡುವುದು.